ಎರೆ ಸೀಮೆಯ ಮಿಷನ್ ಸಂಚಾರ: ಪರಿಚಯ, ಗೆಳೆತನ, ಮರುಭೇಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕ್ರೈಸ್ತ ಮಿಷನ್ನಿನ ಕೆಲಸ ಬಹುಪಾಲು ಸಂಚಾರದ ಮೂಲಕವೇ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮುಂಬೈ ಕರ್ನಾಟಕದಲ್ಲಿ ತೆರೆದು ಉಳಿಸಿಕೊಂಡ ಮುಖ್ಯ ನಿಲ್ದಾಣಗಳು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಮತ್ತು ವಿಜಾಪುರ. ಈ ನಾಲ್ಕು ತಾಲೂಕುಗಳ ಕಸಬೆ ಊರುಗಳಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ. ಪಾದ್ರಿ ಇಲ್ಲಿ ಮನೆ ಕಟ್ಟಿ ಕೂತವನಲ್ಲ. ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ, ಮರುವರ್ಷ ಅದೇ ಹೊತ್ತಿಗೆ ಮತ್ತೆ ಬರುತ್ತಿದ್ದ. ಬಂದುಹೋಗುವ ಆ ಮನುಷ್ಯನಿಗೂ ಊರ ಜನಕ್ಕೂ ನಡುವೆ ಬೆಳೆದ ಬಳಕೆ, ವಾದ, ಸಲಿಗೆ, ಕೆಲವೆಡೆ ನಿಜವಾದ ಗೆಳೆತನ, ಇವೆಲ್ಲ ಮಿಷನ್ನಿನ ಇತಿಹಾಸದಲ್ಲಿ ದೀಕ್ಷಾಸ್ನಾನದ ಲೆಕ್ಕಕ್ಕಿಂತ ಹಿಂದೆ ಬಿದ್ದಿವೆ. ಆ ಲೆಕ್ಕ ಈ ಸೀಮೆಯಲ್ಲಿ ಎಂದೂ ದೊಡ್ಡದಾಗಲಿಲ್ಲವಾದ್ದರಿಂದ, ಉಳಿದದ್ದನ್ನು ನೋಡಬೇಕಾದದ್ದು ಈ ಬಳಕೆಯಲ್ಲೇ.

ಸಂಚಾರದ ಕಾಲವನ್ನು ಗೊತ್ತುಮಾಡಿದ್ದು ನೆಲ. ಭೀಮೆಗೂ ಕೃಷ್ಣೆಗೂ ನಡುವೆ, ಡೋಣಿ ನದಿಯ ಎರಡೂ ದಂಡೆಗೆ ಹಬ್ಬಿರುವುದು ಆಳವಾದ ಎರೆ ಭೂಮಿ. ಮಳೆ ಹಿಡಿದರೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಬಂಡಿ ನಿಂತಲ್ಲೇ ನಿಲ್ಲುತ್ತದೆ. ಆಳಿನ ಕಾಲಿಗೆ ಹತ್ತಿದ ಮಣ್ಣನ್ನು ಹತ್ತು ಹೆಜ್ಜೆಗೊಮ್ಮೆ ಕೆರೆದು ಹಾಕಬೇಕು. ಸೇತುವೆಗಳಿಲ್ಲದ ಆ ಕಾಲದಲ್ಲಿ ತುಂಬಿದ ಹೊಳೆಯನ್ನು ಹರಗೋಲಿನಲ್ಲಿ ದಾಟಬೇಕಿತ್ತು. ಹೀಗಾಗಿ ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಹೊರಟು, ಬಿಸಿಲು ಏರುವ ಮುಂಚೆ, ಅಂದರೆ ಶಿವರಾತ್ರಿ, ಹೋಳಿಯ ಹೊತ್ತಿಗೆ ನಿಲ್ದಾಣಕ್ಕೆ ಮರಳುವುದು ರೂಢಿಯಾಯಿತು. ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ ಶ್ರಾವಣದಲ್ಲಿ ಬರುತ್ತದೆ. ಬಂಡಿಯಲ್ಲಿ ತಿರುಗುವವರಿಗೆ ಅದು ಅನುಕೂಲದ ತಿಂಗಳಲ್ಲ.

ಚಳಿಗಾಲದ ಈ ನಾಲ್ಕು ತಿಂಗಳು ಊರವರ ಪಾಲಿಗೂ ಸಂಬಂಧಗಳನ್ನು ಹೊಸದು ಮಾಡಿಕೊಳ್ಳುವ ಕಾಲ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಿ, ಕರೆದವರಿಗೂ ದಾರಿಯಲ್ಲಿ ಸಿಕ್ಕವರಿಗೂ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಬಡಿಸುತ್ತಾರೆ. ಸಂಕ್ರಮಣದಲ್ಲಿ ಕುಸುರೆಳ್ಳು ಕೊಟ್ಟು, ವರ್ಷದಲ್ಲಿ ಆಡಿದ ಕೆಟ್ಟ ಮಾತನ್ನು ಮರೆಯಬೇಕೆಂದು ಕೇಳಿಕೊಳ್ಳುತ್ತಾರೆ. ಹಿಂಗಾರಿ ಜೋಳ ಹಾಲುಗಾಳಾದಾಗ ತೆನೆ ಸುಟ್ಟು ಸೀತನಿ ತಿನ್ನಲು ಬಳಗವನ್ನು ಹೊಲಕ್ಕೆ ಕರೆಯುತ್ತಾರೆ. ವಿಜಾಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಮಣಕ್ಕೆ, ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ. ಜಾತ್ರೆಯ ದನದ ಪೇಟೆಯಲ್ಲಿ ವರ್ಷಕ್ಕೊಮ್ಮೆ ಭೇಟಿಯಾಗುವ ರೈತರ ನಡುವಿನ ದೋಸ್ತಿ ತಲೆಮಾರುಗಟ್ಟಲೆ ನಡೆಯುವುದುಂಟು. ಮಿಷನ್ನಿನ ಸಂಚಾರ ತನಗೆ ಗೊತ್ತಿಲ್ಲದಂತೆಯೇ ಈ ಹಳೆಯ ಏರ್ಪಾಡಿನೊಳಗೆ ಬಂದು ಸೇರಿಕೊಂಡಿತು. ಪಾದ್ರಿಯೂ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸಿಗುವವರ ಪೈಕಿ ಒಬ್ಬನಾದ.

ಕ್ರೈಸ್ತರು ಈ ಸೀಮೆಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಹೊಸದಾಗಿ ಬಂದರೆನ್ನುವಂತಿಲ್ಲ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಮುದಗಲ್ಲಿನಲ್ಲಿ, ಆದಿಲಶಾಹಿಗಳ ಕಾಲಕ್ಕೇ ಗೋವೆಯ ಕಡೆಯ ಜೆಸ್ವಿಟ್ ಪಾದ್ರಿಗಳಿಂದ ಆರಂಭವಾದ ಕನ್ನಡ ಕ್ಯಾಥೊಲಿಕ್ ಸಮುದಾಯವಿದೆ. ಆದರೆ ಕೃಷ್ಣೆಯ ಉತ್ತರದ ಹಳ್ಳಿಗಳಲ್ಲಿ ವರ್ಷವರ್ಷವೂ ಕ್ರಮವಾಗಿ ತಿರುಗುವ ಪದ್ಧತಿ ಪ್ರೊಟೆಸ್ಟೆಂಟ್ ಮಿಷನ್ನುಗಳದು. ಲಂಡನ್ ಮಿಷನ್ ಬಳ್ಳಾರಿಯಲ್ಲಿ 1810ರಲ್ಲಿ, ಬೆಳಗಾವಿಯಲ್ಲಿ 1820ರಲ್ಲಿ ನೆಲೆಯೂರಿತ್ತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಮಾಡಿದ ಕನ್ನಡ ಬೈಬಲ್ ಮುಂದೆ ಎಲ್ಲ ಮಿಷನ್ನಿನ ಬಂಡಿಗಳಲ್ಲೂ ತಿರುಗಿತು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದಾಗ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ, ಹೀಗೆ ಘಟ್ಟದ ಮೇಲಿನ ನಿಲ್ದಾಣಗಳು ಒಂದೊಂದಾಗಿ ಹುಟ್ಟಿಕೊಂಡವು.

ಬಯಲುಸೀಮೆಯ ಜನರೊಡನೆ ಈ ಮಿಷನರಿಗಳಿಗಾದ ಮೊದಲ ದೊಡ್ಡ ಒಡನಾಟ ಕಾಲಜ್ಞಾನದವರದು. ಮುಂದೆ ಒಬ್ಬ ಉದ್ಧಾರಕ ಬರುತ್ತಾನೆ, ಹಳೆಯ ವ್ಯವಸ್ಥೆ ಅಡಿಮೇಲಾಗುತ್ತದೆ ಎಂದು ಸಾರುವ ಕಾಲಜ್ಞಾನದ ವಚನಗಳು ಈ ಭಾಗದಲ್ಲಿ ಬಹಳ ಹಳೆಯವು. ಮುದ್ದೇಬಿಹಾಳದ ಪೂರ್ವಕ್ಕಿರುವ ಕೊಡೇಕಲ್ ಬಸವಣ್ಣನ ಪರಂಪರೆ ಅವುಗಳಲ್ಲಿ ಹೆಸರಾದದ್ದು. 1839-40ರ ಸುಮಾರಿಗೆ ಇಂಥ ನಂಬಿಕೆಯ ಲಿಂಗಾಯತರ ಒಂದು ಪಂಗಡ ಹುಬ್ಬಳ್ಳಿಯ ಮಿಷನರಿಗಳ ಬಳಿಗೆ ತಾನಾಗಿಯೇ ಬಂತು. ಪರದೇಶದಿಂದ ಬಂದ ಗುರುಗಳ ಮಾತು ತಮ್ಮ ಗ್ರಂಥದ ಮಾತಿಗೆ ಹೊಂದುತ್ತದೆಂದು ಅವರಿಗೆ ತೋರಿತ್ತು. ಬಾಸೆಲ್ ಮಿಷನ್ನಿನ ಹೆರ್ಮನ್ ಮ್ಯೋಗ್ಲಿಂಗ್ ಹಿಗ್ಗಿದರು. ಸಾವಿರಾರು ಜನ ಒಟ್ಟಿಗೆ ಕ್ರೈಸ್ತರಾಗುವರೆಂಬ ನಿರೀಕ್ಷೆ ಹುಟ್ಟಿತು. ಅವರಿಗಾಗಿ ಗದಗಿನ ಬಳಿ ಮಲಸಮುದ್ರದಲ್ಲಿ 1841ರಲ್ಲಿ ಜಮೀನು ಹಿಡಿದು ಕೃಷಿ ನೆಲೆಯೊಂದನ್ನು ತೆರೆದದ್ದೂ ಆಯಿತು. ಎಣಿಸಿದಂತೆ ಜನ ಬರಲಿಲ್ಲ. ಅವರು ಹುಡುಕುತ್ತಿದ್ದುದು ತಮ್ಮ ಕಾಲಜ್ಞಾನವನ್ನು ನಿಜಮಾಡುವ ಗುರುವನ್ನು. ಮಿಷನರಿಗಳು ಕೇಳುತ್ತಿದ್ದುದು ಜಾತಿ, ಲಿಂಗ, ಬಳಗ ಎಲ್ಲವನ್ನೂ ಬಿಟ್ಟು ಬರುವ ಒಬ್ಬೊಬ್ಬ ಮನುಷ್ಯನನ್ನು. ಎರಡೂ ಕಡೆ ಒಳ್ಳೆಯ ಮನಸ್ಸಿದ್ದರೂ ಎರಡೂ ಕಡೆಗೆ ನಿರಾಶೆಯೇ ಆದದ್ದು ಇದರಿಂದ.

ಮಲಸಮುದ್ರದ ಸೋಲಿನ ನಂತರ ಸಂಚಾರಕ್ಕೆ ಹೆಚ್ಚು ಬೆಲೆ ಬಂತು. ಜನ ತಾವಾಗಿ ಬಂದು ನೆಲೆಸುವುದಿಲ್ಲವೆಂದಾದರೆ ಜನ ಇರುವಲ್ಲಿಗೇ ಹೋಗಬೇಕಲ್ಲ. ಸಂಚಾರದ ಬಂಡಿಯಲ್ಲಿ ಡೇರೆ, ಹಾಸಿಗೆ, ಅಡಿಗೆಯ ಸಾಮಾನು, ಔಷಧದ ಪೆಟ್ಟಿಗೆ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕಗಳ ಗಂಟು ಇರುತ್ತಿದ್ದವು. ಪಾದ್ರಿಯ ಜೊತೆಗೆ ನಾಡಿನವರೇ ಆದ ಒಬ್ಬಿಬ್ಬರು ಉಪದೇಶಿಗಳು. ಊರ ಹೊರಗಿನ ಹುಣಸೆ ಅಥವಾ ಬೇವಿನ ಮರದಡಿ ಡೇರೆ ಬಿಡುವುದು, ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗುವುದು, ಸಂಜೆ ಚಾವಡಿ ಕಟ್ಟೆಯ ಮೇಲೆ ಅಥವಾ ಸಂತೆಯ ಬಯಲಿನಲ್ಲಿ ಮಾತಾಡುವುದು, ಇದು ದಿನದ ಕ್ರಮ. ಮೊದಲು ಒಂದು ಹಾಡು. ಹಾಡಿಗೆ ಹುಡುಗರು ಕೂಡುತ್ತಾರೆ, ಹುಡುಗರನ್ನು ಓಡಿಸಲು ದೊಡ್ಡವರು ಬರುತ್ತಾರೆ, ಬಂದ ದೊಡ್ಡವರು ಕೂತು ಕೇಳುತ್ತಾರೆ. ಆಮೇಲೆ ಉಪದೇಶ, ಅದರ ಬೆನ್ನಿಗೇ ಪ್ರಶ್ನೆಗಳು. ಪಾದ್ರಿಯ ಸಂಬಳ ಎಷ್ಟು, ವಿಲಾಯಿತಿಯಲ್ಲಿ ಜೋಳ ಬೆಳೆಯುತ್ತದೋ ಇಲ್ಲವೋ, ಹೆಂಡತಿ ಮಕ್ಕಳು ಎಲ್ಲಿ, ಕಂದಾಯ ಕಡಿಮೆ ಮಾಡಿಸಲು ಕಲೆಕ್ಟರ್ ಸಾಹೇಬರಿಗೆ ಒಂದು ಮಾತು ಹೇಳಲು ಆಗುತ್ತದೋ ಎಂದು ಕೇಳುವ ಜನರ ನಡುವೆ ಪರಲೋಕದ ಮಾತು ಬೇಗ ನೆಲಕ್ಕಿಳಿಯುತ್ತದೆ.

ಗೆಳೆತನಕ್ಕೆ ದಾರಿಯಾದದ್ದು ಉಪದೇಶಕ್ಕಿಂತ ಈ ಕುಶಲ ಪ್ರಶ್ನೆಗಳೇ ಎನ್ನಬೇಕು. ಎರಡನೆಯ ವರ್ಷ ಅದೇ ಊರಿಗೆ ಬಂದ ಪಾದ್ರಿ, ಕಳೆದ ಸಲ ಜ್ವರದಲ್ಲಿ ಮಲಗಿದ್ದ ಹುಡುಗ ಹೇಗಿದ್ದಾನೆಂದು ಕೇಳಿದರೆ ಅಲ್ಲಿಂದ ಮಾತು ಬೇರೆಯಾಗುತ್ತದೆ. ಪುಸ್ತಕವೂ ಇಂಥ ಕೆಲಸ ಮಾಡಿತು. ಕಾಸು ಎರಡು ಕಾಸಿಗೆ ಮಾರುತ್ತಿದ್ದ ಸಣ್ಣ ಹೊತ್ತಿಗೆಗಳು ಊರಲ್ಲಿ ಓದು ಬಲ್ಲವರ ಕೈಸೇರುತ್ತಿದ್ದವು, ಅಂದರೆ ಕುಲಕರ್ಣಿ, ಸಾಲಿ ಮಾಸ್ತರ, ಮಠದ ಅಯ್ಯ. ಓದಿದವರಿಗೆ ತಕರಾರು ಇರುತ್ತಿತ್ತು, ತಕರಾರು ಮಾಡಲು ಮುಂದಿನ ವರ್ಷ ಪಾದ್ರಿ ಬರುವುದನ್ನು ಕಾಯಬೇಕಿತ್ತು. ವಾದ ಮಾಡಲು ಸಿಗುವವನನ್ನು ಎದುರು ನೋಡುವುದೂ ಒಂದು ಬಗೆಯ ಸ್ನೇಹವೇ. ಸಂಚಾರದ ವರದಿಗಳು ಇಂಥ ಎದುರಾಳಿಗಳನ್ನು ಸೋತವರೆಂದೋ ಹಟಮಾರಿಗಳೆಂದೋ ಬರೆಯುವುದು ವಾಡಿಕೆ. ಯುರೋಪಿನ ದಾನಿಗಳು ಕಳಿಸುವ ಹಣದ ಮೇಲೆ ನಿಂತ ಕೆಲಸಕ್ಕೆ ಗೆಲುವಿನ ಸುದ್ದಿ ಬೇಕಿತ್ತೆಂಬುದನ್ನು ಓದುಗ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪಾದ್ರಿಗಿಂತ ಹೆಚ್ಚು ಊರಿಗೆ ಹತ್ತಿರವಾದವನು ಉಪದೇಶಿ. ಊರಿನ ಮಾತೇ ಅವನ ಮಾತು, ರೊಟ್ಟಿಯೂ ಅದೇ. ಆದರೆ ಅವನ ಜಾತಿ ಯಾವುದಿತ್ತು, ಅದನ್ನು ಬಿಟ್ಟದ್ದು ಯಾಕೆ ಎಂಬ ಪ್ರಶ್ನೆ ಅವನನ್ನು ಎಲ್ಲ ಚಾವಡಿಯಲ್ಲೂ ಕಾಯುತ್ತಿತ್ತು. ಬಿಳಿಯ ಪಾದ್ರಿ ಯಾವ ಜಾತಿಗೂ ಸೇರದ ದೊರೆ. ಅವನನ್ನು ಕಟ್ಟೆಯ ಮೇಲೆ ಕೂಡಿಸಲು ಅಡ್ಡಿಯಿರಲಿಲ್ಲ. ಅದೇ ಊರಲ್ಲಿ ಉಪದೇಶಿಗೆ ನೀರು ಕೊಡುವವರು ಯಾರು ಎಂಬುದು ಬಗೆಹರಿಯದ ಪ್ರಶ್ನೆ. ಹಾಗಾಗಿ ಉಪದೇಶಿಗಳು ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಬಳಗ ಬಿಗಿಯಾದದ್ದು. ಮಂಗಳೂರಿನ ಸೆಮಿನರಿಯಲ್ಲಿ ಕೂಡಿ ಓದಿದವರು ಧಾರವಾಡ, ಬೆಟಗೇರಿ, ಗುಳೇದಗುಡ್ಡ ಎಂದು ಹಂಚಿಹೋಗುತ್ತಿದ್ದರು. ದೊಡ್ಡ ಜಾತ್ರೆಗಳಿಗೆ ಎಲ್ಲ ನಿಲ್ದಾಣಗಳವರೂ ಸೇರಿ ಹೋಗುವ ಪದ್ಧತಿಯಿಂದಾಗಿ ಒಂದೇ ಡೇರೆಯಲ್ಲಿ ಮತ್ತೆ ಕೂಡುತ್ತಿದ್ದರು. ಮಕ್ಕಳ ಮದುವೆಯ ಮಾತು ಬೆಳೆಯುವುದೂ ಇಂಥ ಕೂಟಗಳಲ್ಲೇ. ಕರಾವಳಿಯ ಕ್ರೈಸ್ತ ಮನೆತನಗಳಿಗೂ ಬಯಲುಸೀಮೆಯವಕ್ಕೂ ಬೀಗತನ ಬೆಳೆದ ಹಿನ್ನೆಲೆ ಇದು.

ಮಿಷನರಿಗಳ ನಡುವಿನ ಗೆಳೆತನವೂ ಹೀಗೆ ಊರು ಬಿಟ್ಟು ಊರಲ್ಲಿ ಕೂಡಿಬಂದದ್ದು. ಮ್ಯೋಗ್ಲಿಂಗ್ ಮತ್ತು ಮಲೆಯಾಳದ ನಿಘಂಟುಕಾರ ಹೆರ್ಮನ್ ಗುಂಡರ್ಟ್ ಇಬ್ಬರೂ ಟ್ಯೂಬಿಂಗನ್ನಿನಲ್ಲಿ ಓದಿದವರು. ಬೇರೆ ಬೇರೆ ದಾರಿ ಹಿಡಿದು ಭಾರತಕ್ಕೆ ಬಂದ ಅವರು 1838ರಲ್ಲಿ ಮಂಗಳೂರಿನಲ್ಲಿ ಮತ್ತೆ ಕೂಡಿದರು. 1881ರಲ್ಲಿ ಮ್ಯೋಗ್ಲಿಂಗ್ ತೀರಿಕೊಂಡಾಗ ಅವರ ಜೀವನಚರಿತ್ರೆ ಬರೆದವರು ಗುಂಡರ್ಟರೇ. 1840ರಲ್ಲಿ ಬಂದ ಗಾಟ್‌ಫ್ರೀಡ್ ವೈಗ್ಲೆ ಮ್ಯೋಗ್ಲಿಂಗರ ಇನ್ನೊಬ್ಬ ಆಪ್ತ. ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನಳನ್ನು ಮದುವೆಯಾಗಿ ಮಕ್ಕಳನ್ನು ತನ್ನವರಂತೆ ಸಾಕಿದ್ದು ಮ್ಯೋಗ್ಲಿಂಗ್. 1844ರಲ್ಲಿ ಕ್ರೈಸ್ತನಾದ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಮ್ಯೋಗ್ಲಿಂಗರೊಡನೆ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿ ಮರಳಿದರು. ಬಿಳಿಯರಿಗೂ ನಾಡಿನವರಿಗೂ ನಡುವೆ ಸಮಾನತೆಯ ಗೆಳೆತನ ಸಾಧ್ಯವೆಂದು ತೋರಿಸಿದ ಅಪರೂಪದ ಉದಾಹರಣೆ ಇದು. ಉಳಿದ ಉಪದೇಶಿಗಳಿಗೂ ಪಾದ್ರಿಗಳಿಗೂ ನಡುವೆ ಸಂಬಳ, ಅಧಿಕಾರ, ಕುರ್ಚಿ ಎಲ್ಲದರಲ್ಲೂ ಅಂತರ ಉಳಿದೇ ಇತ್ತು.

ಬಸವನ ಬಾಗೇವಾಡಿ ಈ ಸಂಚಾರದ ದಾರಿಯಲ್ಲಿ ಬೇರೆಯೇ ತರಹದ ಊರು. ಬಸವಣ್ಣನ ಹುಟ್ಟೂರಿನ ಸೀಮೆಯಲ್ಲಿ ನಿಂತು ದೇವರು ಒಬ್ಬನೇ, ಜಾತಿ ಸುಳ್ಳು ಎಂದು ಸಾರುವವನಿಗೆ, ಅದು ನಮಗೆ ಗೊತ್ತಿರುವ ಮಾತೇ ಎಂಬ ಉತ್ತರ ಸಿಗುವುದು ಸಹಜ. ಲಿಂಗಾಯತರ ಮಠದಲ್ಲಿ ಬಂದವರಿಗೆ ಪ್ರಸಾದ ಮತ್ತು ಜಾಗ ಉಂಟು; ಮಾತಿಗೆ ಕೂತರೆ ವಚನದ ಆಧಾರವೂ ಉಂಟು. ವಾದದಲ್ಲಿ ನಿಲ್ಲಬೇಕಾದರೆ ಪಾದ್ರಿ ಎದುರಿನವರ ಗ್ರಂಥ ಓದಲೇಬೇಕಾಯಿತು. ಮ್ಯೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ‘ಬಸವಪುರಾಣ’, ‘ಚೆನ್ನಬಸವಪುರಾಣ’ಗಳು ಕಲ್ಲಚ್ಚಿನಲ್ಲಿ ಬಂದವು. ಅದಕ್ಕೆ ಹಣ ಕೊಟ್ಟವರು ನಿವೃತ್ತ ನ್ಯಾಯಾಧೀಶ ಕಾಸಾಮೇಜರ್, ಅದೂ ಸ್ನೇಹದ ಫಲವೇ. ಬಯಲುಸೀಮೆಯಲ್ಲಿ ದುಡಿದ ಜಿ. ವ್ಯೂರ್ತ್ ಈ ಎರಡೂ ಪುರಾಣಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದು 1860ರ ದಶಕದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಬಾಗೇವಾಡಿಯ ಬಸವಣ್ಣನ ಕಥೆಯನ್ನು ಯುರೋಪಿನ ವಿದ್ವಾಂಸರು ಮೊದಲು ವಿವರವಾಗಿ ಓದಿದ್ದು ಬಹುಮಟ್ಟಿಗೆ ಈ ಪುಟಗಳಿಂದ. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಹಳ್ಳಿಯವರ ನಡುವೆ ನಡೆದಾಡಿಯೇ ಮಾತು ಕಲಿತವರು. 1894ರಲ್ಲಿ ಮುಗಿದ ಅವರ ನಿಘಂಟಿನಲ್ಲಿ ಓದಿನ ಪದಗಳಷ್ಟೇ ಗಟ್ಟಿಯಾಗಿ ಆಡುಮಾತಿನ ಪದಗಳೂ ಗಾದೆಗಳೂ ನಿಂತಿರುವುದು ಅದರಿಂದ. ಪುಸ್ತಕದ ಮುಖಪುಟದಲ್ಲಿ ಒಬ್ಬರ ಹೆಸರಿದ್ದರೂ ಇಂಥ ಕೆಲಸಗಳ ಹಿಂದೆ ಮುನ್ಷಿಗಳು, ಅಯ್ಯಗಳು, ದಾರಿಯಲ್ಲಿ ಸಿಕ್ಕ ರೈತರು ಇದ್ದಾರೆ.

ಈ ಸ್ನೇಹಕ್ಕೆ ಎಲ್ಲೆಯೂ ಇತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದಾಗ ಅದು ಅಚ್ಚಾಗದೆ ಮರಳಿ ಬಂತೆಂಬ ಸಂಗತಿಯನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಪುಸ್ತಕ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಎಪ್ಪತ್ತು ವರ್ಷ ಮುಂಚೆ ಬಸವಪುರಾಣವನ್ನು ತಾನಾಗಿ ಅಚ್ಚು ಹಾಕಿದ್ದ ಮಿಷನ್ನಿನ ಮನೆಯಲ್ಲಿ ವಚನಗಳಿಗೆ ಜಾಗ ಸಿಗಲಿಲ್ಲ. ಪುರಾಣ ಎದುರಾಳಿಯನ್ನು ಅರಿಯಲು ಒದಗುವ ಪುಸ್ತಕವಾಗಿತ್ತು, ವಚನಗಳು ಎದುರಾಳಿಯ ಬಲವನ್ನೇ ತೋರಿಸುತ್ತಿದ್ದವು ಎಂದು ಊಹಿಸಿದರೆ ತಪ್ಪಾಗಲಾರದು.

1876ರಿಂದ 78ರವರೆಗಿನ ಬರ ಸಂಚಾರದ ಸ್ವರೂಪವನ್ನೇ ಬದಲಿಸಿತು. ಈ ನಾಲ್ಕೂ ತಾಲೂಕುಗಳು ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6.38 ಲಕ್ಷಕ್ಕೆ ಇಳಿದಿತ್ತು. ಸತ್ತವರು, ಗುಳೆ ಹೋಗಿ ಮರಳದವರು ಎರಡೂ ಈ ಇಳಿಕೆಯಲ್ಲಿ ಸೇರಿದ್ದಾರೆ. ಕಳೆದ ವರ್ಷ ಮಾತಾಡಿಸಿದವರು ಇಲ್ಲದ ಊರುಗಳ ಮೂಲಕ ಸಂಚಾರ ಹಾದುಹೋಗಬೇಕಾಯಿತು. ಮಿಷನ್ನಿನವರು ಗಂಜಿ, ಬಟ್ಟೆ ಹಂಚಿದರು. ತಂದೆತಾಯಿ ಇಲ್ಲದ ಮಕ್ಕಳನ್ನು ನಿಲ್ದಾಣಗಳಿಗೆ ಒಯ್ದು ಸಾಕಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಹಸಿವಿನ ಹೊತ್ತಿನಲ್ಲಿ ಕೊಟ್ಟ ಅನ್ನಕ್ಕೂ ಧರ್ಮಕ್ಕೂ ಗಂಟು ಬಿದ್ದದ್ದನ್ನು ಆಗಲೂ ಜನ ಆಡಿಕೊಂಡರು; ಆದರೆ ಆ ಮಕ್ಕಳ ಪಾಲಿಗೆ ಆಗ ಬೇರೆ ಬಾಗಿಲೇ ತೆರೆದಿರಲಿಲ್ಲವೆಂಬುದೂ ಅಷ್ಟೇ ನಿಜ.

ಬರದ ಹಿಂದೆಯೇ ರೈಲು ಬಂತು. ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಿಗೆ ಹೋಗುವ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ದಾರಿ 1884ರಲ್ಲಿ ತೆರೆಯಿತು. ಮರುವರ್ಷ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದವು. ಬಾಸೆಲ್ ಮಿಷನ್ ವಿಜಾಪುರದಲ್ಲಿ ನಿಲ್ದಾಣ ತೆರೆದದ್ದೂ 1885ರಲ್ಲೇ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಇಂಡಿಯ ಹಳ್ಳಿಗಳು ಹತ್ತಿರವಾದವು. ಸಿಂದಗಿ, ಮುದ್ದೇಬಿಹಾಳ ಮಾತ್ರ ರೈಲಿನಿಂದ ದೂರವೇ ಉಳಿದವು, ಅಲ್ಲಿಗೆ ಬಂಡಿಯೇ ಗತಿ. ಬೆಟಗೇರಿಯಿಂದ ವಿಜಾಪುರಕ್ಕೆ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಈಗ ಒಂದು ದಿನದ್ದಾಯಿತು. ಹಳೆಯ ಗೆಳೆಯರನ್ನು ನೋಡಿಬರಲು ಜಾತ್ರೆಯವರೆಗೆ ಕಾಯಬೇಕಾಗಿರಲಿಲ್ಲ.

ದೂರದ ಗೆಳೆತನವನ್ನು ಕಾಪಾಡಿದ್ದು ಕಾಗದ. ಸಂಚಾರದಿಂದ ಮರಳಿದ ಪಾದ್ರಿ ವರದಿ ಬರೆದು ಬಾಸೆಲ್ಲಿಗೆ ಕಳಿಸಲೇಬೇಕಿತ್ತು. ಅದರ ಭಾಗಗಳು 1828ರಿಂದ ನಡೆಯುತ್ತಿದ್ದ ಮಿಷನ್ನಿನ ‘ಹೈಡನ್‌ಬೋಟೆ’ ಪತ್ರಿಕೆಯಲ್ಲಿ ಬರುತ್ತಿದ್ದವು. ದಕ್ಷಿಣ ಜರ್ಮನಿಯ, ಸ್ವಿಟ್ಜರ್ಲೆಂಡಿನ ಹಳ್ಳಿಗಳಲ್ಲಿ ವಾರಕ್ಕೊಂದು ಸಣ್ಣ ನಾಣ್ಯ ಕೊಡುತ್ತಿದ್ದ ಮನೆಗಳವರು ಗುಳೇದಗುಡ್ಡ, ಬೆಟಗೇರಿ ಎಂಬ ಹೆಸರುಗಳನ್ನು ಹೀಗೆ ಬಲ್ಲವರಾದರು. ಇತ್ತ ಕಡೆಯಿಂದ ಉಪದೇಶಿಗಳೂ, ಊರಿಗೆ ಮರಳಿದ ಪಾದ್ರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಿದ್ದರು.

1914ರ ಯುದ್ಧ ಈ ನಂಟನ್ನು ಕಡಿಯಿತು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಹಲವರನ್ನು ಅಹಮದನಗರದ ಶಿಬಿರದಲ್ಲಿಟ್ಟು ಆಮೇಲೆ ದೇಶಕ್ಕೆ ಕಳಿಸಿದರು. ಚಳಿಗಾಲಕ್ಕೆ ಬರುತ್ತಿದ್ದ ಪಾದ್ರಿ ಬರದೇ ಹೋದ. ಸಭೆಗಳನ್ನು ಉಳಿಸಿಕೊಂಡವರು ನಾಡಿನ ಸಭಾಪಾಲಕರೂ ಉಪದೇಶಿಗಳೂ. 1919ರಿಂದ ಸ್ವಿಸ್ಸರ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಈ ಭಾಗದ ಕೆಲಸ ನೋಡಿಕೊಂಡಿತು, 1927ರಲ್ಲಿ ಬಾಸೆಲ್ ಮಿಷನ್ ಮರಳಿತು. ಹನ್ನೆರಡು ಹದಿಮೂರು ವರ್ಷಗಳ ಮೇಲೆ ಮರಳಿ ಬಂದವರು ಕಂಡದ್ದು ತಮ್ಮನ್ನು ಕಾಯುತ್ತ ಕೂತ ಸಭೆಯನ್ನಲ್ಲ, ತಾನಾಗಿ ನಡೆಯಲು ಕಲಿತ ಸಭೆಯನ್ನು. ಈ ಒಡಕಿನಿಂದ ಸಂಬಂಧ ಹೆಚ್ಚು ಸರಿಸಮವಾಯಿತೆಂದೇ ಹೇಳಬೇಕು.

ಸ್ವಾತಂತ್ರ್ಯಾನಂತರ ವಿದೇಶಿ ಮಿಷನರಿಗಳ ಸಂಖ್ಯೆ ಇಳಿಯುತ್ತ ಹೋಯಿತು. ಇಲ್ಲಿನ ಹಳೆಯ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. 1970ರಲ್ಲಿ ಅದರ ಕರ್ನಾಟಕ ಉತ್ತರ ಸಭಾಪ್ರಾಂತ ಧಾರವಾಡವನ್ನು ಕೇಂದ್ರ ಮಾಡಿಕೊಂಡು ಆರಂಭವಾಯಿತು. ಕ್ಯಾಥೊಲಿಕರಲ್ಲಿ 2005ರಲ್ಲಿ ಕಲಬುರಗಿ ಧರ್ಮಪ್ರಾಂತ ಹುಟ್ಟಿ ವಿಜಾಪುರ ಜಿಲ್ಲೆ ಅದರ ವ್ಯಾಪ್ತಿಗೆ ಬಂತು. ಬಂಡಿ, ಡೇರೆಗಳ ಜಾಗಕ್ಕೆ ಬಸ್ಸು, ಜೀಪು ಬಂದವು. ಈಗ ಚಳಿಗಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವವರು ಹೆಚ್ಚಾಗಿ ಕ್ರಿಸ್‌ಮಸ್ ಗೀತೆಗಳ ತಂಡದವರು. ಅವರು ಹೋಗುವುದು ಗುರುತಿನ ಕ್ರೈಸ್ತ ಮನೆಗಳಿಗೆ. ಮತಾಂತರವನ್ನು ನಿರ್ಬಂಧಿಸುವ 2022ರ ರಾಜ್ಯ ಕಾಯ್ದೆಯ ನಂತರ ಚಾವಡಿ ಕಟ್ಟೆಯ ಬಹಿರಂಗ ಉಪದೇಶವೆಂಬುದು ಇನ್ನಷ್ಟು ದೂರದ ಮಾತಾಯಿತು.

ಬಾಸೆಲ್ ಮಿಷನ್ 2001ರಿಂದ ‘ಮಿಷನ್ 21’ ಎಂಬ ಸಂಸ್ಥೆಯ ಭಾಗವಾಗಿದೆ. ಬಾಸೆಲ್ಲಿನಲ್ಲಿರುವ ಅದರ ಭಂಡಾರದಲ್ಲಿ ಸಂಚಾರದ ವರದಿಗಳು, ಕಾಗದಗಳು, ಸಾವಿರಾರು ಫೋಟೋಗಳು ಉಳಿದಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಭಂಡಾರದಲ್ಲಿ ಈ ಕಡೆಯ ಕಾಗದಪತ್ರಗಳಿವೆ. ವರದಿಗಳಲ್ಲಿ ಪಾದ್ರಿಯ ಹೆಸರು ಸ್ಪಷ್ಟವಾಗಿರುತ್ತದೆ, ಉಪದೇಶಿಯ ಹೆಸರು ಕೆಲವೊಮ್ಮೆ ಬರುತ್ತದೆ, ಡೇರೆಗೆ ಹಾಲು ತಂದುಕೊಟ್ಟ ಊರವನ ಹೆಸರು ಬಹಳ ಅಪರೂಪ. ಫೋಟೋಗಳ ಕೆಳಗೂ ಬಹುಪಾಲು ಇದೇ ಕ್ರಮ. ಬಾಸೆಲ್ ಭಂಡಾರದ ಫೋಟೋಗಳು ಈಗ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಸಿಗುವುದರಿಂದ, ಅಜ್ಜ ಮುತ್ತಜ್ಜಂದಿರ ಗುರುತು ಹಿಡಿಯುವ ಕೆಲಸ ಎರಡೂ ಕಡೆಯ ಮನೆತನಗಳಿಗೆ ಹಿಂದಿಗಿಂತ ಸುಲಭವಾಗಿದೆ.